ಹುಡುಗನ ಕ್ಲಾರಿನೆಟ್ ಯಾರ ಸುಪರ್ದಿಗೆ? ಐಡಾಹೊದ ಒಬ್ಬ ತಾಯಿಯ ಮೊಕದ್ದಮೆಯ ಪ್ರಕರಣ ಅಧ್ಯಯನ

ಅಮೆರಿಕದ ಪಶ್ಚಿಮ ಭಾಗದ ಐಡಾಹೊ ರಾಜ್ಯದಲ್ಲಿ 1967ರಲ್ಲಿ ಹದಿಹರೆಯದ ಹುಡುಗನೊಬ್ಬ ತೀರಿಕೊಂಡ. ಉಯಿಲು ಬರೆದಿಡುವ ವಯಸ್ಸು ಅವನದಾಗಿರಲಿಲ್ಲ. ಅವನು ಬಿಟ್ಟುಹೋದದ್ದು ಒಂದಿಷ್ಟು ಬಟ್ಟೆಬರೆ, ಒಂದು ಕ್ಲಾರಿನೆಟ್, ಕೆಲವು ಗ್ರಾಮಫೋನ್ ರೆಕಾರ್ಡುಗಳು ಮತ್ತು ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಸ್ವಲ್ಪ ಹಣ. ಎಲ್ಲ ಸೇರಿದರೂ ಸಾವಿರ ಡಾಲರ್ ಮುಟ್ಟುತ್ತಿರಲಿಲ್ಲ. ಈ ಸಾಮಾನುಗಳ ಪಟ್ಟಿ ಬರೆದು, ಸಾಲವಿದ್ದರೆ ತೀರಿಸಿ, ಉಳಿದುದನ್ನು ವಾರಸುದಾರರಿಗೆ ಹಂಚುವ ಹೊಣೆ ತಾಯಿಯದೋ ತಂದೆಯದೋ ಎಂಬ ಪ್ರಶ್ನೆ ನಾಲ್ಕು ನ್ಯಾಯಾಲಯಗಳ ಮೆಟ್ಟಿಲು ಹತ್ತಿ, 1971ರ ನವೆಂಬರ್ 22ರಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ಜಾರಿಗೆ ಬಂದು ಆಗ 103 ವರ್ಷಗಳಾಗಿದ್ದವು. ಕಾನೂನು ಎಲ್ಲರನ್ನೂ ಸಮಾನವಾಗಿ ಕಾಯಬೇಕೆಂದು ಆ ತಿದ್ದುಪಡಿ ಕೊಡುವ ‘ಸಮಾನ ರಕ್ಷಣೆ’ಯನ್ನು ಆಧರಿಸಿ, ಹೆಣ್ಣೆಂಬ ಕಾರಣಕ್ಕೆ ತಾರತಮ್ಯ ಮಾಡಿದ ಕಾನೂನೊಂದನ್ನು ಅಲ್ಲಿನ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು ಅದೇ ಮೊದಲು.

ಈ ಬರಹದಲ್ಲಿ ಕುಟುಂಬದವರನ್ನು ತಾಯಿ, ತಂದೆ, ಮಗ ಎಂದಷ್ಟೇ ಕರೆದಿದ್ದೇನೆ. ಅವರ ಮೊದಲ ವಕೀಲರಿಗೂ ಹೆಸರು ಕೊಟ್ಟಿಲ್ಲ. ತೀರ್ಪಿನ ಶೀರ್ಷಿಕೆಯಲ್ಲಿ ಎರಡೂ ಕಡೆ ಒಂದೇ ಮನೆತನದ ಹೆಸರಿರುವುದರಿಂದ, ಅದನ್ನು ಓದಿದವರಿಗೆ ಯಾರು ಯಾರ ವಿರುದ್ಧ ನಿಂತಿದ್ದರೆಂಬುದೇ ತಿಳಿಯುವುದಿಲ್ಲ. ಸಾರ್ವಜನಿಕ ಬದುಕಿನಲ್ಲಿದ್ದವರನ್ನು ಮಾತ್ರ ಅವರವರ ಹೆಸರಿನಿಂದಲೇ ಕರೆದಿದ್ದೇನೆ.

ಹಿನ್ನೆಲೆ

ಬಾಯ್ಸಿ ಐಡಾಹೊದ ರಾಜಧಾನಿ. ತಾಯಿಯು ಅಲ್ಲಿ ವಯಸ್ಸಾದವರನ್ನೂ ಅಂಗವಿಕಲರನ್ನೂ ತನ್ನ ಮನೆಯಲ್ಲೇ ಇರಿಸಿಕೊಂಡು ಆರೈಕೆ ಮಾಡಿ ಜೀವನ ಸಾಗಿಸುತ್ತಿದ್ದರು. ದಂಪತಿಗಳು ದತ್ತು ತೆಗೆದುಕೊಂಡಿದ್ದ ಮಗ ಚಿಕ್ಕವನಿರುವಾಗಲೇ ಬೇರೆಯಾಗಿದ್ದರು. ಮುಂದೆ ಈ ಪ್ರಕರಣದ ಲಿಖಿತ ವಾದವನ್ನು ಸಿದ್ಧಪಡಿಸಿದ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು ಕಥೆಯ ಈ ಭಾಗವನ್ನು ಹಲವು ಸಲ ಹೇಳಿದ್ದಾರೆ. ಮಗು ಎಳೆಯದಾಗಿದ್ದಾಗ ಅದರ ಪಾಲನೆ ತಾಯಿಯ ಪಾಲಿಗೆ ಬಂತು. ಅವನು ಹದಿಹರೆಯಕ್ಕೆ ಕಾಲಿಟ್ಟಾಗ, ಇನ್ನು ಅವನನ್ನು ಗಂಡಸರ ಲೋಕಕ್ಕೆ ಸಿದ್ಧಗೊಳಿಸಬೇಕೆಂದು ತಂದೆ ಕೇಳಿದರು, ನ್ಯಾಯಾಲಯ ಒಪ್ಪಿತು. ತಾಯಿಗೆ ಅದು ಸರಿಕಾಣಲಿಲ್ಲ. ಹುಡುಗ ತಂದೆಯ ಮನೆಯಲ್ಲಿ, ತಂದೆಯ ಬಂದೂಕಿನಿಂದ ಸತ್ತ. ಅದನ್ನು ಆತ್ಮಹತ್ಯೆ ಎಂದು ಬರೆದುಕೊಂಡರು. ಈ ಹಿನ್ನೆಲೆ ತಿಳಿಯದವರಿಗೆ ಸಾವಿರ ಡಾಲರಿಗೂ ಕಡಿಮೆಯ ಸಾಮಾನಿಗಾಗಿ ನಾಲ್ಕು ವರ್ಷ ನಡೆದ ಈ ಹೋರಾಟ ಬರೀ ಹಟದಂತೆ ಕಂಡೀತು.

ತಾಯಿ, ಸತ್ತವರ ಆಸ್ತಿಯ ವಿಲೇವಾರಿ ನೋಡುವ ಅಲ್ಲಿನ ಪ್ರೊಬೇಟ್ ನ್ಯಾಯಾಲಯಕ್ಕೆ ಹೋಗಿ, ಮಗನ ಆಸ್ತಿಗೆ ತನ್ನನ್ನು ನಿರ್ವಾಹಕಿಯಾಗಿ ನೇಮಿಸಬೇಕೆಂದು ಅರ್ಜಿ ಕೊಟ್ಟರು. ಆ ಅರ್ಜಿ ವಿಚಾರಣೆಗೆ ಬರುವ ಮುನ್ನವೇ ತಂದೆಯೂ ಅಂಥದೇ ಅರ್ಜಿ ಹಾಕಿದರು.

ಇಲ್ಲಿ ಐಡಾಹೊದ ಕಾನೂನನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಉಯಿಲಿಲ್ಲದೆ ಸತ್ತವರ ಆಸ್ತಿಯನ್ನು ಯಾರು ನಿರ್ವಹಿಸಬಹುದು ಎಂಬುದಕ್ಕೆ ಅದರ ಒಂದು ಕಲಮು ಹನ್ನೊಂದು ದರ್ಜೆಗಳನ್ನು ಗೊತ್ತುಮಾಡಿತ್ತು. ಮೊದಲನೆಯದು ಗಂಡ ಅಥವಾ ಹೆಂಡತಿ, ಎರಡನೆಯದು ಮಕ್ಕಳು, ಮೂರನೆಯದು ತಂದೆ ಅಥವಾ ತಾಯಿ. ನಾಲ್ಕನೆಯದು ಸಹೋದರರು, ಐದನೆಯದು ಸಹೋದರಿಯರು. ಅಂದರೆ ಒಡಹುಟ್ಟಿದವರನ್ನು ಕೂಡ ಒಂದೇ ಸಾಲಿನಲ್ಲಿ ಕೂರಿಸಲು ಕಾನೂನು ಬರೆದವರಿಗೆ ಮನಸ್ಸಾಗಿರಲಿಲ್ಲ. ಪಟ್ಟಿ ಹೀಗೇ ಇಳಿಯುತ್ತ ಸತ್ತವರಿಗೆ ಸಾಲ ಕೊಟ್ಟವರವರೆಗೆ, ಕೊನೆಗೆ ಕಾನೂನಿನ ಕಣ್ಣಿಗೆ ಯೋಗ್ಯರಾದ ಯಾರೇ ಆಗಲಿ ಎನ್ನುವವರೆಗೆ ಹೋಗುತ್ತಿತ್ತು. ಒಂದೇ ದರ್ಜೆಯ ಇಬ್ಬರು ಒಟ್ಟಿಗೆ ಬಂದರೆ ಏನು ಮಾಡಬೇಕೆಂಬುದನ್ನು ಇನ್ನೊಂದು ಕಲಮು ಹೇಳುತ್ತಿತ್ತು. ಅದರ ಪ್ರಕಾರ ಸಮಾನ ಅರ್ಹತೆಯುಳ್ಳವರಲ್ಲಿ ಹೆಂಗಸರಿಗಿಂತ ಗಂಡಸರಿಗೆ, ಅರ್ಧ ರಕ್ತಸಂಬಂಧದವರಿಗಿಂತ ಪೂರ್ಣ ರಕ್ತಸಂಬಂಧದವರಿಗೆ ಆದ್ಯತೆ ಕೊಡತಕ್ಕದ್ದು. ಕೊಡಬಹುದು ಎಂದಲ್ಲ, ಕೊಡತಕ್ಕದ್ದು. ನ್ಯಾಯಾಧೀಶರಿಗೆ ಆಯ್ಕೆಯೇ ಇರಲಿಲ್ಲ.

ಈ ನಿಯಮ ಹುಟ್ಟಿದ್ದು 1864ರಲ್ಲಿ. ಐಡಾಹೊ ಆಗ ರಾಜ್ಯವೂ ಆಗಿರಲಿಲ್ಲ, ಒಂದು ವರ್ಷದ ಹಿಂದೆ ರಚನೆಯಾಗಿದ್ದ ಪ್ರಾಂತವಾಗಿತ್ತು. ಮುಂದೆ ಅದೇ ಐಡಾಹೊ 1896ರಲ್ಲಿ, ಇಡೀ ದೇಶಕ್ಕಿಂತ 24 ವರ್ಷ ಮೊದಲೇ, ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತು. ಹೆಣ್ಣು ರಾಜ್ಯಪಾಲರನ್ನು ಆರಿಸಬಹುದಾಗಿತ್ತು. ಸತ್ತ ಮಗನ ಬಟ್ಟೆಗಳ ಪಟ್ಟಿ ಬರೆಯುವ ವಿಷಯಕ್ಕೆ ಬಂದರೆ ಮಾತ್ರ ಅವಳ ಮುಂದೆ ಗಂಡಸು ನಿಲ್ಲುತ್ತಿದ್ದ. ಮತದ ಹಕ್ಕಿನ ಹೋರಾಟ 1920ರ ಹತ್ತೊಂಬತ್ತನೆಯ ತಿದ್ದುಪಡಿಯೊಂದಿಗೆ ಮುಗಿಯಿತೆಂದು ಬರೆಯುವ ಇತಿಹಾಸಗಳು ಇಂಥ ನಿಯಮಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಮಸ್ಯೆ

ಪ್ರೊಬೇಟ್ ನ್ಯಾಯಾಲಯ ತಂದೆಯನ್ನು ನೇಮಿಸಿತು. ಇಬ್ಬರಲ್ಲಿ ಯಾರು ಈ ಕೆಲಸವನ್ನು ಚೆನ್ನಾಗಿ ಮಾಡಿಯಾರು ಎಂದು ತೂಗಿ ನೋಡಿದ ಯಾವ ಗುರುತೂ ಆ ಆದೇಶದಲ್ಲಿರಲಿಲ್ಲ. ತಾಯಿ ಮೊದಲು ಅರ್ಜಿ ಹಾಕಿದ್ದು, ಮಗನನ್ನು ಸಾಕಿದ್ದು, ಅವನ ವಸ್ತುಗಳ ಮೇಲೆ ಅವರಿಗಿದ್ದ ಮಮತೆ ಯಾವುದೂ ಪರಿಗಣನೆಗೆ ಬರಲಿಲ್ಲ. ಇಬ್ಬರೂ ಸಮಾನರು, ಒಬ್ಬರು ಗಂಡಸು, ಆದ್ದರಿಂದ ಅವರೇ ನಿರ್ವಾಹಕರು ಎಂಬಷ್ಟರಲ್ಲಿ ವಿಷಯ ಮುಗಿದಿತ್ತು.

ತಾಯಿಗೆ ಮೇಲ್ಮನವಿ ಹಾಕಬೇಕೆನಿಸಿತು. ಆಕೆ ಒಂದು ಡಜನ್‌ಗಿಂತ ಹೆಚ್ಚು ವಕೀಲರ ಬಳಿ ಹೋದರು, ಯಾರೂ ಒಪ್ಪಲಿಲ್ಲ. ಅವರನ್ನು ದೂರುವುದೂ ಕಷ್ಟ. ಆಸ್ತಿಯ ಮೊತ್ತ ವಕೀಲರ ಶುಲ್ಕಕ್ಕೂ ಸಾಲುತ್ತಿರಲಿಲ್ಲ, ಕಾನೂನಿನ ಮಾತು ಸ್ಪಷ್ಟವಾಗಿತ್ತು, ಸುಪ್ರೀಂ ಕೋರ್ಟಿನ ಹಿಂದಿನ ತೀರ್ಪುಗಳೆಲ್ಲ ಎದುರು ಪಕ್ಷದ ಕಡೆಗಿದ್ದವು.

ಆ ಹಿಂದಿನ ತೀರ್ಪುಗಳನ್ನು ಅರಿಯದೆ ಈ ಪ್ರಕರಣದ ತಿರುವು ಅರ್ಥವಾಗುವುದಿಲ್ಲ. 1873ರಲ್ಲಿ ಇಲಿನಾಯ್ ರಾಜ್ಯವು ಒಬ್ಬ ಮಹಿಳೆಗೆ ವಕೀಲಿ ಮಾಡಲು ಅನುಮತಿ ನಿರಾಕರಿಸಿದ್ದನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಹೆಣ್ಣಿನ ಸೌಮ್ಯ ಸ್ವಭಾವಕ್ಕೆ ಆ ವೃತ್ತಿ ಒಗ್ಗದು ಎಂದು ಒಬ್ಬ ನ್ಯಾಯಮೂರ್ತಿ ಪ್ರತ್ಯೇಕವಾಗಿ ಬರೆದರು. 1908ರಲ್ಲಿ ಆರೆಗಾನ್ ರಾಜ್ಯದ ಬಟ್ಟೆ ಒಗೆಯುವ ಕಾರ್ಖಾನೆಗಳಲ್ಲಿ ಹೆಂಗಸರಿಗೆ ಮಾತ್ರ ದಿನಕ್ಕೆ ಹತ್ತು ಗಂಟೆಯ ಮಿತಿ ಹಾಕಿದ ಕಾನೂನು ಊರ್ಜಿತವಾಯಿತು. 1948ರಲ್ಲಿ ಮಿಷಿಗನ್ ರಾಜ್ಯದ ಮದ್ಯದಂಗಡಿಗಳಲ್ಲಿ ಮಾಲೀಕನ ಹೆಂಡತಿ ಅಥವಾ ಮಗಳಲ್ಲದ ಯಾವ ಹೆಂಗಸೂ ಮದ್ಯ ಬಡಿಸುವ ಕಟ್ಟೆಯ ಹಿಂದೆ ನಿಲ್ಲಬಾರದೆಂಬ ನಿಯಮ ಸರಿಯೆನಿಸಿಕೊಂಡಿತು. 1961ರಲ್ಲಿ, ಗಂಡನನ್ನು ಕೊಂದ ಆರೋಪದ ಮೇಲೆ ಬರೀ ಗಂಡಸರೇ ಇದ್ದ ಜ್ಯೂರಿಯ (ತೀರ್ಪು ಕೊಡಲು ಆರಿಸಿದ ಸಾಮಾನ್ಯ ನಾಗರಿಕರ ಮಂಡಳಿಯ) ಮುಂದೆ ವಿಚಾರಣೆಗೊಳಗಾದ ಫ್ಲೋರಿಡಾದ ಮಹಿಳೆಯ ಮನವಿಯನ್ನು ನ್ಯಾಯಾಲಯ ತಿರಸ್ಕರಿಸಿತು. ಮನೆವಾರ್ತೆ ಹೆಣ್ಣಿನ ಕೇಂದ್ರವಾಗಿರುವಾಗ, ತಾವಾಗಿಯೇ ಹೆಸರು ಕೊಟ್ಟ ಹೆಂಗಸರನ್ನು ಮಾತ್ರ ಜ್ಯೂರಿಗೆ ಕರೆಯುವುದರಲ್ಲಿ ತಪ್ಪಿಲ್ಲ ಎಂಬುದು ಅದರ ನಿಲುವು.

ಈ ನಾಲ್ಕೂ ತೀರ್ಪುಗಳಲ್ಲಿ ಒಂದೇ ಜಾಡು ಕಾಣುತ್ತದೆ. ಕಾನೂನು ಹೆಣ್ಣನ್ನು ಹೊರಗಿಡುತ್ತಿದೆ ಎಂದು ಯಾರೂ ಹೇಳುವುದಿಲ್ಲ. ಅವಳನ್ನು ಕಾಯುತ್ತಿದೆ, ಅವಳ ಭಾರ ಇಳಿಸುತ್ತಿದೆ ಎನ್ನುತ್ತಾರೆ. ಈ ಮಾತನ್ನು ಎದುರಿಸುವುದು ಎಷ್ಟು ಕಷ್ಟವೆಂದರೆ, ಮಹಿಳಾ ಚಳವಳಿಯೇ ಅದರ ಸುತ್ತ ಒಡೆದುಹೋಗಿತ್ತು. 1923ರಲ್ಲಿ ಮತದ ಹಕ್ಕಿನ ಹೋರಾಟಗಾರ್ತಿ ಆಲಿಸ್ ಪಾಲ್ ಮತ್ತು ಅವರ ಪಕ್ಷದವರು, ಹೆಣ್ಣಿಗೂ ಗಂಡಿಗೂ ಸಮಾನ ಹಕ್ಕೆಂದು ಸಂವಿಧಾನದಲ್ಲೇ ಬರೆಯುವ ಸಮಾನ ಹಕ್ಕುಗಳ ತಿದ್ದುಪಡಿಯನ್ನು ಸಂಸತ್ತಿನ ಮುಂದೆ ತಂದಾಗ, ಫ್ಲಾರೆನ್ಸ್ ಕೆಲ್ಲಿಯಂಥ ಕಾರ್ಮಿಕಪರ ಹೋರಾಟಗಾರ್ತಿಯರೇ ಅದನ್ನು ವಿರೋಧಿಸಿದರು. ಸಮಾನತೆಯ ಹೆಸರಿನಲ್ಲಿ ದುಡಿಯುವ ಹೆಂಗಸರ ಹತ್ತು ಗಂಟೆಯ ಮಿತಿಯೂ ಹೋದರೆ ಲಾಭ ಯಾರಿಗೆ ಎಂಬ ಅವರ ಪ್ರಶ್ನೆ ಹುರುಳಿಲ್ಲದ್ದಾಗಿರಲಿಲ್ಲ.

ಏನೇನು ಮಾಡಿದರು

ಕೊನೆಗೆ ಬಾಯ್ಸಿಯ ಒಬ್ಬ ವಕೀಲರು ಒಪ್ಪಿಕೊಂಡರು. ಅವರು ಹಿಡಿದ ದಾರಿ ನೇರವಾಗಿತ್ತು. ತಾಯಿ ತಂದೆಗಿಂತ ಹೆಚ್ಚು ಯೋಗ್ಯಳು ಎಂದು ವಾದಿಸಲು ಅವರು ಹೋಗಲಿಲ್ಲ. ಹಾಗೆ ವಾದಿಸಿದ್ದರೆ ಮೊಕದ್ದಮೆ ಇಬ್ಬರ ನಡತೆಯ, ಮಗನ ಸಾವಿನ ಹೊಣೆಯ, ಹಳೆಯ ಸಂಸಾರದ ಜಗಳದ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಯೋಗ್ಯತೆಯನ್ನು ನೋಡಲೇಬಾರದೆಂದು ಕಟ್ಟಿಹಾಕುವ ಕಾನೂನೇ ತಪ್ಪು ಎಂಬುದಷ್ಟೇ ಅವರ ವಾದ. ಈ ಪ್ರಕರಣದ ಮೊದಲ ಮುಖ್ಯ ನಿರ್ಧಾರ ಇದು ಎಂದು ನನಗನಿಸುತ್ತದೆ, ಏಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿತು.

ಜಿಲ್ಲಾ ನ್ಯಾಯಾಲಯ ಆ ವಾದವನ್ನು ಒಪ್ಪಿತು. ಆದ್ಯತೆಯ ನಿಯಮ ಸಮಾನ ರಕ್ಷಣೆಗೆ ವಿರುದ್ಧವೆಂದು ಹೇಳಿ, ಇಬ್ಬರಲ್ಲಿ ಯಾರು ಹೆಚ್ಚು ಅರ್ಹರೆಂದು ನಿರ್ಣಯಿಸಲು ಪ್ರಕರಣವನ್ನು ಕೆಳಗೆ ಕಳುಹಿಸಿತು. ಆ ನಿರ್ಣಯ ನಡೆಯಲೇ ಇಲ್ಲ. ತಂದೆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋದರು. 1970ರಲ್ಲಿ ಅದು ಹಳೆಯ ಆದೇಶವನ್ನೇ ಮತ್ತೆ ನಿಲ್ಲಿಸಿತು. ಅದು ಕೊಟ್ಟ ಕಾರಣಗಳನ್ನು ನಿಧಾನವಾಗಿ ಓದಬೇಕು. ಆಸ್ತಿ ನಿರ್ವಹಣೆಗೆ ಸಾಮಾನ್ಯವಾಗಿ ಗಂಡಸರೇ ಹೆಚ್ಚು ತಕ್ಕವರೆಂದು ಶಾಸಕರು ಭಾವಿಸಿದ್ದಿರಬಹುದು. ತಾತ್ವಿಕವಾಗಿ ನೋಡಿದರೆ ಈ ನಿಯಮ ಹೆಂಗಸರ ವಿರುದ್ಧ ತಾರತಮ್ಯ ಮಾಡುತ್ತದೆ ಎನ್ನಲೂ ಬಹುದು. ಆದರೆ ಈ ಭೇದವನ್ನು ನಿಸರ್ಗವೇ ಮಾಡಿಟ್ಟಿದೆ, ನಿಯಮದ ಗುರಿಯಾದರೋ ನ್ಯಾಯಾಲಯಗಳು ವಿಚಾರಣೆ ನಡೆಸುವ ಕಷ್ಟವನ್ನು ತಪ್ಪಿಸುವುದಷ್ಟೇ ಎಂಬುದು ಅದರ ಸಾರ.

ಗೆದ್ದ ಪಕ್ಷದ ಕೋಟೆಯಲ್ಲಿ ಬಿರುಕು ಬಿಟ್ಟದ್ದು ಈ ಕೊನೆಯ ಮಾತಿನಲ್ಲಿಯೇ. ಮದ್ಯದಂಗಡಿಯ ನಿಯಮಕ್ಕೆ ಹೆಣ್ಣಿನ ಮಾನರಕ್ಷಣೆಯ ಹೊದಿಕೆಯಿತ್ತು, ಬಟ್ಟೆ ಒಗೆಯುವ ಕಾರ್ಖಾನೆಯ ನಿಯಮಕ್ಕೆ ಆರೋಗ್ಯದ್ದು, ಜ್ಯೂರಿಯ ನಿಯಮಕ್ಕೆ ಮನೆ ಮಕ್ಕಳದ್ದು. ಮಗನ ಕ್ಲಾರಿನೆಟ್ಟನ್ನು ಪಟ್ಟಿಗೆ ಸೇರಿಸುವ ಕೆಲಸದಿಂದ ತಾಯಿಯನ್ನು ಕಾಪಾಡುತ್ತಿದ್ದೇವೆಂದು ಯಾರು ತಾನೇ ಹೇಳಿಯಾರು? ಇಲ್ಲಿ ಹೇಳಲು ಉಳಿದದ್ದು ಕಚೇರಿಯ ಅನುಕೂಲವೊಂದೇ. ಮೊತ್ತ ಸಣ್ಣದಾಗಿದ್ದೂ ಹೀಗೆಯೇ ಒದಗಿಬಂತು: ಈ ಹೆಂಗಸಿಗೆ ಹಣದಾಸೆ ಎನ್ನಲು ಬರುತ್ತಿರಲಿಲ್ಲ, ಇದರಿಂದ ಯಾವ ಉದ್ಯಮಕ್ಕೂ ಹೊಡೆತ ಬೀಳುತ್ತಿರಲಿಲ್ಲ, ಯಾವ ಕಾರ್ಮಿಕ ಸಂಘಕ್ಕೂ ದಿಗಿಲಾಗುವಂತಿರಲಿಲ್ಲ. ವಕೀಲರು ಕೈಮುಗಿದು ಕಳಿಸಿದ ಪ್ರಕರಣವೇ ಸುಪ್ರೀಂ ಕೋರ್ಟಿಗೆ ಕೊಂಡೊಯ್ಯಲು ಹೇಳಿಮಾಡಿಸಿದಂತಿತ್ತು.

ಇದನ್ನು ಗುರುತಿಸಿದ್ದು ನಾಗರಿಕ ಹಕ್ಕುಗಳಿಗಾಗಿ ಹೋರಾಡುವ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್. ಐಡಾಹೊದ ತೀರ್ಪು ವರದಿಯಾದಾಗ ಆ ಸಂಸ್ಥೆಯ ವಕೀಲರ ಕಣ್ಣಿಗೆ ಅದು ಬಿತ್ತು. ಮೇಲ್ಮನವಿಯಲ್ಲಿ ಅವರು ಬಾಯ್ಸಿಯ ವಕೀಲರ ಜತೆಗೂಡಿದರು. 1971ರ ಏಪ್ರಿಲಿನಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಕಾನೂನು ಕಲಿಸುತ್ತಿದ್ದ ಗಿನ್ಸ್‌ಬರ್ಗ್, ಸಂಸ್ಥೆಯ ಕಾನೂನು ನಿರ್ದೇಶಕ ಮೆಲ್ವಿನ್ ವುಲ್ಫ್ ಅವರಿಗೆ ಪತ್ರ ಬರೆದು, ಈ ಪ್ರಕರಣದಲ್ಲಿ ಒಬ್ಬ ಮಹಿಳೆಯೂ ಸಹವಕೀಲಳಾಗಿರುವುದು ಸೂಕ್ತವಲ್ಲವೇ ಎಂದು ಕೇಳಿದರು. ಆಗಲೇ ಅವರು ಇನ್ನೊಂದು ಪ್ರಕರಣಕ್ಕಾಗಿ ಲಿಖಿತ ವಾದ ಸಿದ್ಧಪಡಿಸಿದ್ದರು. ಅದರ ಕಕ್ಷಿದಾರ ಒಬ್ಬ ಗಂಡಸು: ವೃದ್ಧ ತಾಯಿಯನ್ನು ನೋಡಿಕೊಳ್ಳುವ ಖರ್ಚಿಗೆ ಹೆಂಗಸರಿಗೂ ವಿಧುರರಿಗೂ ಸಿಗುತ್ತಿದ್ದ ತೆರಿಗೆ ವಿನಾಯಿತಿ, ಮದುವೆಯಾಗದ ಗಂಡಸೆಂಬ ಕಾರಣಕ್ಕೆ ಆತನಿಗೆ ಸಿಕ್ಕಿರಲಿಲ್ಲ. ಪತ್ರದೊಂದಿಗೆ ಆ ವಾದದ ಪ್ರತಿಯನ್ನೂ ಕಳಿಸಿದ್ದರು. ಕೆಲಸ ಅವರ ಕೈಗೆ ಬಂತು.

ಲಿಖಿತ ವಾದ ಬರೆಯುವಾಗ ಕೈಗೊಂಡ ನಿರ್ಧಾರಗಳು ಈ ಅಧ್ಯಯನದ ತಿರುಳು. ಆ ಕಾಲದ ಸುಪ್ರೀಂ ಕೋರ್ಟ್ ಸಮಾನ ರಕ್ಷಣೆಯ ಪ್ರಶ್ನೆಗಳನ್ನು ಎರಡು ಜರಡಿಗಳಲ್ಲಿ ಸೋಸುತ್ತಿತ್ತು. ಕಾನೂನು ಜನಾಂಗದ ಆಧಾರದ ಮೇಲೆ ಭೇದ ಮಾಡಿದರೆ ಅದನ್ನು ಕಟ್ಟುನಿಟ್ಟಾಗಿ ಪರಿಶೀಲಿಸುತ್ತಿತ್ತು. ಅಂಥ ಕಾನೂನು ಉಳಿಯುವುದು ಬಹಳ ಅಪರೂಪ. ಮಿಕ್ಕ ಭೇದಗಳಿಗೆ ಏನಾದರೊಂದು ತರ್ಕಬದ್ಧ ಕಾರಣವಿದ್ದರೆ ಸಾಕೆನ್ನುತ್ತಿತ್ತು. ಅಂಥ ಕಾನೂನು ಬೀಳುವುದು ಅಷ್ಟೇ ಅಪರೂಪ. ಹೆಣ್ಣು ಗಂಡಿನ ಭೇದ ಅದುವರೆಗೆ ಎರಡನೆಯ ಜರಡಿಯಲ್ಲಿತ್ತು. ಅದನ್ನು ಮೊದಲನೆಯದಕ್ಕೆ ಏರಿಸಬೇಕೆಂಬುದು ಗಿನ್ಸ್‌ಬರ್ಗ್ ಅವರ ಮುಖ್ಯ ಬೇಡಿಕೆ. ಹುಟ್ಟಿನಿಂದ ಬರುವ, ಬದಲಿಸಲಾಗದ, ಸಾಮರ್ಥ್ಯಕ್ಕೆ ಸಂಬಂಧವಿಲ್ಲದ ಗುರುತು ಎಂಬ ದೃಷ್ಟಿಯಿಂದ ಲಿಂಗವೂ ಜನಾಂಗದಂತೆಯೇ ಎಂಬುದು ವಾದ.

ಈ ಹೋಲಿಕೆಯನ್ನು ಕಾನೂನಿನ ಭಾಷೆಗೆ ಇಳಿಸಿದವರಲ್ಲಿ ಪ್ರಮುಖರು ಪಾಲಿ ಮರ್ರಿ. ಕಪ್ಪು ಜನಾಂಗದ ವಕೀಲೆಯಾದ ಅವರು ಎರಡೂ ಬಗೆಯ ಬಾಗಿಲುಗಳು ತಮ್ಮ ಮುಖದ ಮೇಲೆ ಮುಚ್ಚಿದ್ದನ್ನು ಕಂಡವರು. ಜ್ಯೂರಿಯಲ್ಲಿ ಹೆಂಗಸರಿಗೆ ಸ್ಥಾನಕ್ಕಾಗಿ ದಶಕಗಟ್ಟಲೆ ಹೋರಾಡಿದ ಡೊರೊತಿ ಕೆನ್ಯನ್ ಅವರೊಂದಿಗೆ ಸೇರಿ, 1966ರಲ್ಲಿ ಅಲಬಾಮಾದ ಪ್ರಕರಣವೊಂದರಲ್ಲಿ ಈ ವಾದದ ಮೇಲೆ ಕೆಳಹಂತದ ಫೆಡರಲ್ ನ್ಯಾಯಾಲಯದಲ್ಲಿ ಗೆದ್ದೂ ಇದ್ದರು. ಐಡಾಹೊ ಪ್ರಕರಣದ ಬರವಣಿಗೆಯಲ್ಲಿ ಇಬ್ಬರೂ ನೇರವಾಗಿ ಕೂಡದಿದ್ದರೂ ಗಿನ್ಸ್‌ಬರ್ಗ್ ಆ ಇಬ್ಬರ ಹೆಸರುಗಳನ್ನು ಲಿಖಿತ ವಾದದ ಮುಖಪುಟದಲ್ಲಿ ಹಾಕಿಸಿದರು. ನಾವು ಅವರ ಹೆಗಲ ಮೇಲೆ ನಿಂತಿದ್ದೇವೆ ಎಂಬ ಋಣವನ್ನು ನ್ಯಾಯಾಲಯದ ದಾಖಲೆಯಲ್ಲೇ ಬರೆದಿಟ್ಟ ಹಾಗಾಯಿತು.

ಆದರೆ ಗಿನ್ಸ್‌ಬರ್ಗ್ ಮುಖ್ಯ ಬೇಡಿಕೆಯೊಂದನ್ನೇ ನೆಚ್ಚಿಕೊಳ್ಳಲಿಲ್ಲ. ಮೇಲಿನ ಜರಡಿ ಒಪ್ಪಿಗೆಯಾಗದಿದ್ದರೆ ನಡುವಿನದೊಂದು ಇರಲಿ, ಭೇದಕ್ಕೆ ಕಾರಣ ತೋರಿಸುವ ಹೊಣೆ ಅದನ್ನು ಸಮರ್ಥಿಸುವವರ ಮೇಲೆ ಬೀಳಲಿ ಎಂದರು. ಅದೂ ಆಗದಿದ್ದರೆ, ತೀರ ಸಡಿಲವಾದ ಜರಡಿಯಲ್ಲೂ ಈ ನಿಯಮ ನಿಲ್ಲದು ಎಂದು ತೋರಿಸಿದರು. ಆ ಕೊನೆಯ ವಾದಕ್ಕೆ ಆಧಾರವಾಗಿ ಅವರು ಹುಡುಕಿ ತೆಗೆದದ್ದು ವರ್ಜೀನಿಯಾ ರಾಜ್ಯದ ತೆರಿಗೆಯ ಬಗ್ಗೆ ಗೊಬ್ಬರದ ಕಂಪನಿಯೊಂದು ಹೂಡಿದ್ದ ದಾವೆಯ 1920ರ ತೀರ್ಪನ್ನು. ಜನರನ್ನು ವರ್ಗವಾಗಿ ವಿಂಗಡಿಸುವುದಕ್ಕೂ ಕಾನೂನಿನ ಉದ್ದೇಶಕ್ಕೂ ನ್ಯಾಯವಾದ, ಗಟ್ಟಿಯಾದ ಸಂಬಂಧವಿರಬೇಕು ಎಂದು ಅದರಲ್ಲಿತ್ತು. ಮಹಿಳೆಯರ ಹಕ್ಕಿಗೂ ಗೊಬ್ಬರಕ್ಕೂ ಏನು ನಂಟು ಎಂದು ನಗಬಹುದು. ನ್ಯಾಯಮೂರ್ತಿಗಳು ಕೊನೆಗೆ ಕೈಚಾಚಿ ತೆಗೆದುಕೊಂಡದ್ದು ಅದನ್ನೇ.

ನಡುವೆ ಎರಡು ತೊಡಕುಗಳು ಬಂದವು. ಒಂದು, 1971ರಲ್ಲೇ ಐಡಾಹೊದ ಶಾಸಕಾಂಗ ಉತ್ತರಾಧಿಕಾರದ ಇಡೀ ಕಾನೂನನ್ನು ಹೊಸದಾಗಿ ಬರೆದು, ಗಂಡಸರ ಆದ್ಯತೆಯ ಕಲಮನ್ನು 1972ರ ಜುಲೈ 1ರಿಂದ ತೆಗೆದುಹಾಕಲು ನಿರ್ಧರಿಸಿತು. ಸಾಯಲು ದಿನ ಗೊತ್ತಾದ ಕಾನೂನಿನ ವಿರುದ್ಧ ಹೋರಾಡುವುದೇಕೆ ಎಂದು ಕೇಳಬಹುದಿತ್ತು. ಆದರೆ ರದ್ದತಿ ಹಿಂದಿನ ನೇಮಕಗಳಿಗೆ ಅನ್ವಯಿಸುತ್ತಿರಲಿಲ್ಲ. ತಾಯಿಯ ಪಾಲಿಗೆ ಹಳೆಯ ನಿಯಮ ಬದುಕಿಯೇ ಇತ್ತು, ದಾವೆಯೂ ಉಳಿಯಿತು. ಎರಡನೆಯ ತೊಡಕು, ಮೌಖಿಕ ವಾದ ಯಾರು ಮಾಡಬೇಕೆಂಬುದು. ಇಂಥ ಪ್ರಕರಣವನ್ನು ಹೆಣ್ಣೇ ಮಂಡಿಸಲಿ ಎಂಬ ಆಸೆ ಸಂಸ್ಥೆಯ ಕಡೆಯವರಿಗಿತ್ತು. ಬಾಯ್ಸಿಯ ವಕೀಲರು ಬಿಟ್ಟುಕೊಡಲಿಲ್ಲ. ಯಾರೂ ಬೇಡವೆಂದಾಗ ಕೈಹಿಡಿದವರು ಅವರಾದ್ದರಿಂದ ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರುವುದಿಲ್ಲ. 1971ರ ಅಕ್ಟೋಬರ್ 19ರಂದು ಅವರೇ ವಾದಿಸಿದರು. ಅದಕ್ಕೆ ಸರಿಯಾಗಿ ಒಂದು ವಾರದ ಹಿಂದೆ ಸಂಸತ್ತಿನ ಕೆಳಮನೆ ಸಮಾನ ಹಕ್ಕುಗಳ ತಿದ್ದುಪಡಿಯನ್ನು ಅಂಗೀಕರಿಸಿತ್ತು.

ಏನಾಯಿತು

ಒಂಬತ್ತು ಸ್ಥಾನಗಳಲ್ಲಿ ಎರಡು ಆಗ ಖಾಲಿಯಿದ್ದವು. ಉಳಿದ ಏಳು ಮಂದಿಯೂ ಗಂಡಸರೇ. ಸುಪ್ರೀಂ ಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿ ಬಂದದ್ದು ಹತ್ತು ವರ್ಷ ಕಳೆದ ಮೇಲೆ, 1981ರಲ್ಲಿ. ಆ ಏಳು ಮಂದಿ ಒಮ್ಮತದಿಂದ ತಾಯಿಯ ಪರವಾಗಿ ತೀರ್ಪಿತ್ತರು. ಬರೆದವರು ಮುಖ್ಯ ನ್ಯಾಯಮೂರ್ತಿ ವಾರೆನ್ ಬರ್ಗರ್. ಅಧ್ಯಕ್ಷ ನಿಕ್ಸನ್ ನೇಮಿಸಿದ ಬರ್ಗರ್ ಸಂಪ್ರದಾಯವಾದಿ ಎನಿಸಿಕೊಂಡವರು. ಅವರಿಂದ ಇದನ್ನು ನಿರೀಕ್ಷಿಸಿದವರು ಕಡಿಮೆ.

ತೀರ್ಪು ಅಚ್ಚಿನಲ್ಲಿ ಏಳೇ ಪುಟ. ವಿಚಾರಣೆಯ ಹೊರೆ ಕಡಿಮೆ ಮಾಡುವ ಉದ್ದೇಶದಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಯೋಗ್ಯತೆಯ ವಿಚಾರಣೆಯನ್ನು ತಪ್ಪಿಸುವುದಕ್ಕೆಂದೇ ಒಂದು ಲಿಂಗದವರಿಗೆ ಕಡ್ಡಾಯ ಆದ್ಯತೆ ಕೊಡುವುದು ಸಂವಿಧಾನ ನಿಷೇಧಿಸಿದ ಮನಸೋಇಚ್ಛೆಯ ಆಯ್ಕೆಯಾಗುತ್ತದೆ ಎಂದು ಬರ್ಗರ್ ಬರೆದರು. ಕುಟುಂಬದೊಳಗಿನ ಜಗಳ ತಪ್ಪಿಸುವುದರಲ್ಲಿ ಒಳಿತೇನೇ ಇರಲಿ, ಇಂಥ ಆಯ್ಕೆಯನ್ನು ಬರೀ ಲಿಂಗದ ಆಧಾರದ ಮೇಲೆ ಕಾನೂನು ಹೇರುವಂತಿಲ್ಲ ಎಂದೂ ಸೇರಿಸಿದರು. ಗೊಬ್ಬರದ ಕಂಪನಿಯ ಮಾತು ತೀರ್ಪಿನೊಳಗೆ ಹಾಗೆಯೇ ಬಂತು.

ಬಾರದ್ದು ಇನ್ನೂ ಗಮನಿಸತಕ್ಕದ್ದು. ಲಿಂಗವೂ ಜನಾಂಗದಂತೆ ಎಂಬ ಮಾತಿಗೆ ಉತ್ತರವೇ ಇರಲಿಲ್ಲ. ಮದ್ಯದಂಗಡಿಯ ತೀರ್ಪು, ಜ್ಯೂರಿಯ ತೀರ್ಪು ಯಾವುದನ್ನೂ ರದ್ದುಗೊಳಿಸಲಿಲ್ಲ, ಹೆಸರನ್ನು ಕೂಡ ಎತ್ತಲಿಲ್ಲ. ತಾಯಿಯನ್ನು ನಿರ್ವಾಹಕಿಯಾಗಿ ನೇಮಿಸಿ ಎಂದೂ ಹೇಳಲಿಲ್ಲ. ಈ ಅಭಿಪ್ರಾಯಕ್ಕೆ ತಕ್ಕಂತೆ ಮುಂದಿನ ಕ್ರಮ ಜರುಗಿಸಿ ಎಂದು ಪ್ರಕರಣವನ್ನು ಐಡಾಹೊಗೆ ವಾಪಸು ಕಳಿಸಿತು. ಹಾಗಾಗಿ ತಾಯಿಗೆ ಸಿಕ್ಕಿದ್ದು ಮಗನ ಸಾಮಾನಲ್ಲ, ತನ್ನನ್ನೂ ತಂದೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ನೋಡಬೇಕೆಂಬ ಆದೇಶ. ಚಳವಳಿಗೆ ಸಿಕ್ಕಿದ್ದೂ ಅದು ಕೇಳಿದ ಜರಡಿಯಲ್ಲ. ಕಕ್ಷಿದಾರಳ ಬಯಕೆಯೂ ವಕೀಲರ ಗುರಿಯೂ ಬೇರೆಬೇರೆಯಾಗಿದ್ದ ಈ ಪ್ರಕರಣದಲ್ಲಿ ಇಬ್ಬರಿಗೂ ಅರ್ಧರ್ಧವೇ ದಕ್ಕಿತು ಎನ್ನಬೇಕು.

ಮುಂದಿನವರು ಕಲಿತದ್ದು

ಬೇಡಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಿ ಬರೆದಿದ್ದರ ಬೆಲೆ ತೀರ್ಪಿನ ಮರುದಿನದಿಂದಲೇ ತಿಳಿಯುತ್ತ ಹೋಯಿತು. ಕೊನೆಯ ಮೆಟ್ಟಿಲನ್ನು ಕಟ್ಟಿರದಿದ್ದರೆ, ಹೆಣ್ಣು ಗಂಡಿನ ಭೇದಕ್ಕೆ ಹೊಸ ಜರಡಿ ಹಿಡಿಯಲು ಇನ್ನೂ ತಯಾರಿಲ್ಲದ ನ್ಯಾಯಾಲಯಕ್ಕೆ ತಾಯಿಯನ್ನು ಸೋಲಿಸದೆ ಬೇರೆ ದಾರಿ ಇರುತ್ತಿರಲಿಲ್ಲ. ಅದೇ ಹೊತ್ತಿಗೆ ಮೇಲಿನ ಮೆಟ್ಟಿಲನ್ನು ಬರೆಯದೆ ಬಿಟ್ಟಿದ್ದರೆ ಮುಂದಿನ ಪ್ರಕರಣದಲ್ಲಿ ಅದನ್ನು ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು. 1972ರಲ್ಲಿ ಸಿವಿಲ್ ಲಿಬರ್ಟೀಸ್ ಯೂನಿಯನ್ ಮಹಿಳಾ ಹಕ್ಕುಗಳ ಯೋಜನೆಯೊಂದನ್ನು ತೆರೆದು ಗಿನ್ಸ್‌ಬರ್ಗ್ ಅವರ ಕೈಗೆ ಕೊಟ್ಟಾಗ, ಐಡಾಹೊದ ಲಿಖಿತ ವಾದವೇ ಅವರ ಮುಂದಿನ ಬರವಣಿಗೆಗೆ ಅಡಿಪಾಯವಾಯಿತು.

ಮರುವರ್ಷ, 1973ರಲ್ಲಿ, ವಾಯುಪಡೆಯ ಮಹಿಳಾ ಅಧಿಕಾರಿಯೊಬ್ಬರು ತಮ್ಮ ಗಂಡನಿಗೆ ಅವಲಂಬಿತರ ಸೌಲಭ್ಯ ಕೇಳಿದ ಪ್ರಕರಣದಲ್ಲಿ ಎಂಟು ಮಂದಿ ಆಕೆಯ ಪರವಾದರು. ಕಟ್ಟುನಿಟ್ಟಿನ ಜರಡಿಯನ್ನು ಒಪ್ಪಿದವರು ನಾಲ್ವರು. ಇನ್ನೊಬ್ಬರು ಬೇಕಿತ್ತು, ಸಿಗಲಿಲ್ಲ. ನ್ಯಾಯಮೂರ್ತಿ ಪಾವೆಲ್ ಅವರು, ಸಮಾನ ಹಕ್ಕುಗಳ ತಿದ್ದುಪಡಿ ರಾಜ್ಯಗಳ ಮುಂದಿರುವಾಗ ನ್ಯಾಯಾಲಯ ಅವಸರಪಡಬಾರದು ಎಂದರು. ಆ ತಿದ್ದುಪಡಿಗೆ ಬೇಕಿದ್ದದ್ದು 38 ರಾಜ್ಯಗಳ ಒಪ್ಪಿಗೆ. 1982ರ ಗಡುವು ಮುಗಿದಾಗ ಲೆಕ್ಕಕ್ಕೆ ಸಿಕ್ಕಿದ್ದು 35. ಐಡಾಹೊ 1972ರಲ್ಲಿ ಒಪ್ಪಿ, 1977ರಲ್ಲಿ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳುವ ನಿರ್ಣಯ ಮಾಡಿತು. ಇತ್ತ ನ್ಯಾಯಾಲಯ 1976ರಲ್ಲಿ ನಡುವಿನ ಜರಡಿಗೆ ಬಂದು ನಿಂತಿತು. ಆ ಪ್ರಕರಣವೂ ಸಣ್ಣದೇ: ಒಕ್ಲಹಾಮಾದಲ್ಲಿ ಕಡಿಮೆ ಮದ್ಯಾಂಶದ ಬಿಯರನ್ನು ಹುಡುಗಿಯರು ಹದಿನೆಂಟಕ್ಕೆ ಕೊಳ್ಳಬಹುದಾದರೆ ಹುಡುಗರು ಇಪ್ಪತ್ತೊಂದರವರೆಗೆ ಕಾಯಬೇಕು ಎಂಬ ನಿಯಮ ಸರಿಯೇ ಎಂಬುದು. ಲಿಂಗಭೇದದ ಕಾನೂನು ಮಹತ್ವದ ಉದ್ದೇಶವೊಂದಕ್ಕೆ ಗಣನೀಯವಾಗಿ ನೆರವಾಗುವಂತಿರಬೇಕು ಎಂದ ಆ ತೀರ್ಪು ಆಧಾರವಾಗಿ ಹಿಡಿದದ್ದು ಐಡಾಹೊ ಪ್ರಕರಣವನ್ನೇ. 1996ರಲ್ಲಿ ವರ್ಜೀನಿಯಾದ ಸೈನಿಕ ವಿದ್ಯಾಲಯವೊಂದು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳಲೇಬೇಕೆಂದು ಸುಪ್ರೀಂ ಕೋರ್ಟ್ ಹೇಳಿದಾಗ, ಬಹುಮತದ ತೀರ್ಪನ್ನು ಬರೆದವರು ಆ ಹೊತ್ತಿಗೆ ನ್ಯಾಯಮೂರ್ತಿಯಾಗಿದ್ದ ಗಿನ್ಸ್‌ಬರ್ಗ್ ಅವರೇ. ಪ್ರಾಸಂಗಿಕವಾಗಿ ಒಂದು ಮಾತು: ದೆಹಲಿಯ ಮದ್ಯ ಬಡಿಸುವ ಜಾಗಗಳಲ್ಲಿ ಹೆಂಗಸರು ಕೆಲಸ ಮಾಡಬಾರದೆಂಬ 1914ರ ಕಾಯ್ದೆಯ ನಿಯಮವನ್ನು ನಮ್ಮ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ತಿರಸ್ಕರಿಸುವಾಗ ಆ ವರ್ಜೀನಿಯಾ ತೀರ್ಪನ್ನೂ ಪರಿಶೀಲಿಸಿತ್ತು.

ಪ್ರಕರಣವನ್ನು ಆರಿಸಿಕೊಳ್ಳುವ ಬಗ್ಗೆ ವಕೀಲರು ಇದರಿಂದ ಕಲಿತದ್ದನ್ನು ಗಿನ್ಸ್‌ಬರ್ಗ್ ಅವರ ಮುಂದಿನ ನಡೆಗಳಲ್ಲಿ ನೋಡಬಹುದು. ಹೆರಿಗೆಯಲ್ಲಿ ಹೆಂಡತಿಯನ್ನು ಕಳೆದುಕೊಂಡು, ಕೂಸನ್ನು ಸಾಕಲು ಮನೆಯಲ್ಲಿ ಉಳಿಯಬಯಸಿದ ವಿಧುರನಿಗೆ ವಿಧವೆಯರಿಗೆ ಸಿಗುವ ಸಾಮಾಜಿಕ ಭದ್ರತೆಯ ಹಣ ಸಿಗಲಿಲ್ಲವೆಂಬ ಪ್ರಕರಣವನ್ನು ಅವರು 1975ರಲ್ಲಿ ಗೆದ್ದರು. ಹೆಣ್ಣನ್ನು ಕಾಯುತ್ತೇವೆಂಬ ಕಾನೂನು ಗಂಡಸಿಗೂ ಮಗುವಿಗೂ ಏನು ಮಾಡುತ್ತದೆ ಎಂದು ತೋರಿಸಿದರೆ, ಕಾಯುವ ಹೊದಿಕೆ ತಾನಾಗಿ ಸರಿಯುತ್ತದೆ ಎಂಬ ಲೆಕ್ಕಾಚಾರ ಅದು. ಈ ಜಾಣತನಕ್ಕೆ ಟೀಕೆಯೂ ಬಂತು: ಹೆಂಗಸರ ಹಕ್ಕಿಗಾಗಿ ಗಂಡಸರನ್ನೇ ಮುಂದೆ ನಿಲ್ಲಿಸುವುದೇಕೆಂದು ಚಳವಳಿಯೊಳಗಿನವರೇ ಕೇಳಿದರು. ಬರೀ ಗಂಡಸರೇ ಇದ್ದ ನ್ಯಾಯಾಲಯವನ್ನು ಒಪ್ಪಿಸಬೇಕಾಗಿದ್ದ ಕಾಲದಲ್ಲಿ ಬೇರೆ ದಾರಿ ಇಷ್ಟು ಬೇಗ ಫಲ ಕೊಡುತ್ತಿತ್ತೆಂದು ನನಗೆ ತೋರುವುದಿಲ್ಲ.

ವೃದ್ಧ ತಾಯಿಯನ್ನು ನೋಡಿಕೊಳ್ಳುತ್ತಿದ್ದ ಗಂಡಸಿನ ಆ ತೆರಿಗೆಯ ಪ್ರಕರಣದ ಬಾಲಂಗೋಚಿ ಇಲ್ಲಿ ಹೇಳಬೇಕಾದದ್ದು. ಅದರಲ್ಲೂ ಗಿನ್ಸ್‌ಬರ್ಗ್ 1972ರಲ್ಲಿ ಗೆದ್ದರು. ಸರಕಾರದ ವಕೀಲರು ಸುಪ್ರೀಂ ಕೋರ್ಟಿಗೆ ಮನವಿ ಸಲ್ಲಿಸುತ್ತ, ಈ ತೀರ್ಪು ನಿಂತರೆ ನೂರಾರು ಕಾನೂನುಗಳ ಬುಡ ಅಲುಗಾಡುತ್ತದೆ ಎಂದು ಎಚ್ಚರಿಸಿದರು. ಅದಕ್ಕೆ ಪುರಾವೆಯಾಗಿ, ಹೆಣ್ಣು ಗಂಡೆಂದು ಭೇದ ಮಾಡುವ ಕೇಂದ್ರದ ಕಾನೂನುಗಳನ್ನೆಲ್ಲ ರಕ್ಷಣಾ ಇಲಾಖೆಯ ಕಂಪ್ಯೂಟರಿನಿಂದ ಹುಡುಕಿಸಿ, ಕಲಮು ಕಲಮಾಗಿ ಪಟ್ಟಿ ಮಾಡಿ ಮನವಿಗೆ ಲಗತ್ತಿಸಿದರು. ಮಾಮೂಲು ಜನರ ಕೈಯಲ್ಲಿ ಕಂಪ್ಯೂಟರ್ ಇಲ್ಲದ ಆ ದಿನಗಳಲ್ಲಿ ಅಂಥ ಪಟ್ಟಿಯನ್ನು ಯಾವ ಮಹಿಳಾ ಸಂಘಟನೆಯೂ ತಯಾರಿಸಲು ಸಾಧ್ಯವಿರಲಿಲ್ಲ. ಸುಪ್ರೀಂ ಕೋರ್ಟ್ ಮನವಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಪಟ್ಟಿ ಗಿನ್ಸ್‌ಬರ್ಗ್ ಅವರ ಮೇಜಿನ ಮೇಲೆ ಉಳಿಯಿತು, ಮುಂದೆ ಯಾವ ಕಾನೂನಿನ ವಿರುದ್ಧ ದಾವೆ ಹೂಡಬೇಕೆಂದು ಅವರು ನೋಡುತ್ತಿದ್ದದ್ದು ಅದರಲ್ಲೇ.